ತಕ್ಕಡಿಯೊಳಗಿನ ಯಮನೂರ

ವಾದ ಮಾಡುವವರ ನಡುವೆ ಒಂದು ತಕ್ಕಡಿ ತಂದಿಟ್ಟರೆ ವಾದ ನಿಲ್ಲುತ್ತದೆ ಎಂದು ಯಾರೋ ಬುದ್ಧಿವಂತರು ಅಂದುಕೊಂಡಿದ್ದರು. ಆ ಪುಣ್ಯಾತ್ಮರು ಹುಬ್ಬಳ್ಳಿ ನೋಡಿದವರಲ್ಲ, ಬಿಡಿ.

ವರ್ಷದ ಹಿಂದೆ ಹುಬ್ಬಳ್ಳಿಯ ಫುಟ್‌ಬಾಲ್ ತಂಡ ಎಂಜಿನ್ ಕ್ಲಬ್ ತನ್ನ ಗೋಲು ಹೊಡೆಯುವ ಹುಡುಗ ಯಮನೂರನನ್ನು ಮಂಗಳೂರಿನ ಅಳಿವೆ ಕ್ಲಬ್ಬಿಗೆ ಕೊಟ್ಟು, ಅಲ್ಲಿಂದ ಲತೇಶ್ ಕರ್ಕೇರ ಎಂಬ ಮಿಡ್‌ಫೀಲ್ಡ್ ಆಟಗಾರನನ್ನು ತಂದುಕೊಂಡಿತ್ತು. ಆಳಿಗೆ ಆಳು, ಅಷ್ಟೇ. ಅವತ್ತಿನಿಂದ ರೈಲ್ವೆ ವರ್ಕ್‌ಶಾಪ್ ಗೇಟಿನೆದುರಿನ ದಾವಲಸಾಬನ ಮಿರ್ಚಿ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಈ ಅದಲಿ-ಬದಲಿಯಲ್ಲಿ ಗೆದ್ದವರು ಯಾರು, ಟೋಪಿ ಹಾಕಿಸಿಕೊಂಡವರು ಯಾರು?

“ಬಂಗಾರ ಕೊಟ್ಟು ತಗಡು ತಂದಾರ್ರೀ,” ಎಂದು ದಾವಲಸಾಬ ಬಾಣಲೆಯಿಂದ ಮಿರ್ಚಿ ಎತ್ತುತ್ತಲೇ ಶುರು ಮಾಡುತ್ತಿದ್ದ.

“ಏ ದಾವಲಾ, ಲತೇಶ ಬಂದಮ್ಯಾಲೆ ನಮ್ಮ ಗೋಲಿನ ಕಡೆ ಚೆಂಡು ಎಷ್ಟು ಕಮ್ಮಿ ಬರ್ತಾವ, ಕಣ್ಣು ಬಿಟ್ಟು ನೋಡಿಯೇನು?” ರೈಲ್ವೆ ಶಾಲೆಯ ನಿವೃತ್ತ ಸ್ಯಾಮ್ಸನ್ ಮಾಸ್ತರರದು ಯಾವಾಗಲೂ ಎದುರು ಪಾರ್ಟಿ.

“ಬರಲಾರದ ಚೆಂಡು ನೋಡಾಕ ಯಾರರೆ ಟಿಕೀಟು ತಗೋತಾರನ್ರಿ ಮಾಸ್ತರ? ಹೊಡದ ಚೆಂಡು ನೋಡಾಕ ಹೋಗೂದು!”

ಬೆಂಚಿನ ತುದಿಯಲ್ಲಿ ಕೂತ ಫಕೀರಪ್ಪ ಬಡಿಗೇರ ಇದನ್ನೆಲ್ಲ ಕೇಳಿ, ಕೊನೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ವರ್ಕ್‌ಶಾಪಿನಲ್ಲಿ ಬೋಗಿಗಳ ಮರಗೆಲಸ ಮಾಡಿ ನಿವೃತ್ತನಾದ ಅವನು ಒಂದು ಕಾಲದಲ್ಲಿ ಇದೇ ಕ್ಲಬ್ಬಿನ ಗೋಲ್‌ಕೀಪರ್. “ನಮ್ಮ ಯಮನೂರ ಇದ್ದಿದ್ನಂದ್ರ...” ಎಂದು ಅವನು ತೆಗೆದರೆ ಮುಗಿಯಿತು. ಸ್ಯಾಮ್ಸನ್ ಮಾಸ್ತರರು ಕೂಡ ಚಹಾ ಕಪ್ಪಿನೊಳಗೆ ಮುಖ ಹಾಕುತ್ತಿದ್ದರು.

ಫಕೀರಪ್ಪನಿಗೆ ಆ ಮಾತು ಆಡುವ ಹಕ್ಕಿತ್ತು. ಎಂಜಿನ್ ಕ್ಲಬ್ ಅಭಿಮಾನಿಗಳೇ ನಡೆಸುವ ಕ್ಲಬ್. ಅದಕ್ಕೆ ಹಾಸ್ಟೆಲ್ ಇಲ್ಲ. ಆಟಗಾರರು ಅಭಿಮಾನಿಗಳ ಮನೆಯಲ್ಲೇ ಇರುತ್ತಾರೆ, ಅಲ್ಲೇ ಉಣ್ಣುತ್ತಾರೆ. ಯಮನೂರ ಮೂರು ವರ್ಷ ಇದ್ದದ್ದು ಫಕೀರಪ್ಪನ ಮಾಳಿಗೆ ಕೋಣೆಯಲ್ಲಿ. ಹೆಂಡತಿ ತೀರಿದ ಮೇಲೆ ತಾನೇ ರೊಟ್ಟಿ ಬಡಿಯಲು ಕಲಿತ ಫಕೀರಪ್ಪ, ಆ ಹುಡುಗನಿಗೆ ಬಡಿಸುವುದರಲ್ಲೇ ಮತ್ತೆ ಮನುಷ್ಯನಾಗಿದ್ದ. ಈಗ ಅದೇ ಕೋಣೆಗೆ ಕ್ಲಬ್ಬಿನವರು ಲತೇಶನನ್ನು ತಂದು ಹಾಕಿದ್ದರು. ಫಕೀರಪ್ಪ ಅವನೊಂದಿಗೆ ವರ್ಷದಿಂದ ಮಾತಾಡಿರಲಿಲ್ಲ.

ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ಫಕೀರಪ್ಪನ ಒಬ್ಬಳೇ ಮಗಳು ಶಿವಲೀಲಾ. ಅವಳ ನೌಕರಿ ನವನಗರದ ತಕ್ಕಡಿ ಕೇಂದ್ರದಲ್ಲಿ.

ತಕ್ಕಡಿ ಎಂದರೆ ಲೀಗಿನವರು ಈ ವರ್ಷ ತಂದು ಕೂರಿಸಿದ ಯಂತ್ರ. ಪ್ರತಿ ಆಟಗಾರನ ಎದೆಗೆ, ಮೊಣಕಾಲಿನ ಹಿಂಬದಿಗೆ ತೆಳ್ಳಗಿನ ಪಟ್ಟಿ ಅಂಟಿಸಿರುತ್ತಾರೆ. ಎದೆಬಡಿತ, ಸ್ನಾಯುವಿನ ಸುಸ್ತು, ಮೈತೂಕ, ಮೊಣಕಾಲಿನ ಮೇಲೆ ಬೀಳುವ ಭಾರ ಎಲ್ಲ ಆ ಪಟ್ಟಿಯಿಂದ ತಕ್ಕಡಿಗೆ ಹೋಗುತ್ತದೆ. ಅದನ್ನಿಟ್ಟುಕೊಂಡು ತಕ್ಕಡಿ ಆ ಆಟಗಾರನದೇ ಒಂದು ನೆರಳು ಮಾಡುತ್ತದೆ; ಅವನಂತೆಯೇ ಓಡುವ, ಅವನಂತೆಯೇ ದಣಿಯುವ ನೆರಳು. ಆಮೇಲೆ ಅದಲಿ-ಬದಲಿ ಆಗಲೇ ಇಲ್ಲ ಎಂದು ಇಟ್ಟುಕೊಂಡು ಅದೇ ಲೀಗನ್ನು ಸಾವಿರ ಸಲ ಆಡಿಸಿ, ಹೆಚ್ಚು ಸಲ ಬಂದ ಆಟವನ್ನು ಪರದೆಯ ಮೇಲೆ ತೋರಿಸುತ್ತದೆ. ಅದಲಿ-ಬದಲಿಯಾಗಿ ವರ್ಷ ತುಂಬಿದ ದಿನ ತೀರ್ಪು. ಮೋಸ ಹೋದವರು ಇಂಥ ಕ್ಲಬ್ಬಿನವರು ಎಂದು ತಕ್ಕಡಿ ಹೇಳಿದರೆ, ಆ ಕ್ಲಬ್ಬಿನ ಅಭಿಮಾನಿಗಳು ಕೈಯೆತ್ತಿ ತಮ್ಮ ಆಳನ್ನು ವಾಪಸು ಕೇಳಬಹುದು. ಆಗ ಬಂದವನು ಬಂದ ದಾರಿ ಹಿಡಿಯಬೇಕು.

ಇದು ಬಂದದ್ದೇ ಬಂದದ್ದು, ಹುಬ್ಬಳ್ಳಿಗೆ ಹುಚ್ಚು ಹಿಡಿಯಿತು. ಶನಿವಾರದ ನಿಜವಾದ ಪಂದ್ಯಕ್ಕೆ ಗ್ಯಾಲರಿಯಲ್ಲಿ ಕಾಗೆ ಹಾರುತ್ತಿದ್ದವು. ಭಾನುವಾರ ಸಂಜೆ ವರ್ಕ್‌ಶಾಪ್ ಮೈದಾನದ ದೊಡ್ಡ ಪರದೆಯಲ್ಲಿ ನೆರಳಿನ ಪಂದ್ಯ ತೋರಿಸಿದರೆ ನಿಲ್ಲಲು ಜಾಗವಿಲ್ಲ! ಪರದೆಯಲ್ಲಿ ಯಮನೂರ ಎಂಜಿನ್ ಕ್ಲಬ್ಬಿನ ಕೆಂಪು ಜರ್ಸಿ ತೊಟ್ಟು ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ. ಫಕೀರಪ್ಪ ಮುಂದಿನ ಸಾಲಿನಲ್ಲಿ ಕೂತು, ಇಲ್ಲದ ಹುಡುಗನಿಗೆ ಸೀಟಿ ಹೊಡೆಯುತ್ತಿದ್ದ. ತಲೆ ಕೆಟ್ಟಿತ್ತು ಊರಿಗೆ, ಇನ್ನೇನು ಹೇಳುವುದು?

ತೀರ್ಪಿಗೆ ಇನ್ನೊಂದೇ ವಾರ ಉಳಿದಿತ್ತು.

ಫಕೀರಪ್ಪ ಸಿಟ್ಟಿನವನಾದರೂ ಯಾರನ್ನೂ ಉಪವಾಸ ಕೆಡವುವವನಲ್ಲ. ಲತೇಶನ ಪಾಲಿನ ಎರಡು ರೊಟ್ಟಿ, ಪಲ್ಯ, ಒಂದು ಲೋಟ ಮಜ್ಜಿಗೆಯನ್ನು ದಿನಾ ಮಾಳಿಗೆಯ ಮೆಟ್ಟಿಲ ಮೇಲೆ ಮುಚ್ಚಿಟ್ಟು ಬರುತ್ತಿದ್ದ. ಇನ್ನೊಂದು ಬೇಕೇ ಎಂದು ಕೇಳುವ ಪದ್ಧತಿಯಿಲ್ಲ. ಲತೇಶ ಅಲ್ಲೇ ಮೆಟ್ಟಿಲ ಮೇಲೆ ಕೂತು ಉಂಡು, ತಾಟು ತಿಕ್ಕಿ ಬೋರಲು ಹಾಕಿ ಮೇಲೆ ಹೋಗುತ್ತಿದ್ದ. ಆ ಹುಡುಗನನ್ನು ಕಂಡರೆ ಶಿವಲೀಲಾಗೆ ಪಾಪ ಅನಿಸುತ್ತಿತ್ತು.

“ಹೋಗೂದು ಬಂದ್ರ ಏನ್ ಮಾಡ್ತಿಯೋ ತಮ್ಮಾ?” ಎಂದು ಅವಳು ಒಂದು ಸಂಜೆ ಕೇಳಿಯೇ ಬಿಟ್ಟಳು.

“ಎಂತ ಮಾಡುದು ಅಕ್ಕ,” ಎಂದ ಲತೇಶ. “ಅಲ್ಲಿ ಎರಡು ವರ್ಷ ಬೆಂಚಲ್ಲೇ ಕೂತವ ನಾನು. ಇನ್ನೊಂದು ವರ್ಷ ಕೂತರೆ ಆಟ ಮುಗಿದ ಹಾಗೆಯೇ. ಅಪ್ಪನ ಬೋಟಿಗೆ ಹೋಗ್ಬೇಕು. ನಂಗೆ ಆಡ್ಲಿಕ್ಕೆ ಬಿಟ್ಟದ್ದು ಈ ಊರು ಅಕ್ಕ. ಬೈದ್ರೂ ಆಡ್ಲಿಕ್ಕೆ ಬಿಟ್ಟಿದೆ. ನಾನಾಗಿ ಹೋಗುದಿಲ್ಲ. ಕಳಿಸಿದ್ರೆ ಮಾತ್ರ ಹೋಗ್ತೇನೆ.”

ಅಷ್ಟು ಹೇಳಿ, ಬೂಟಿನ ಲಾಡಿ ಬಿಗಿದು, ತೋಳನಕೆರೆ ಸುತ್ತಿ ಬರಲು ಓಡಿದ.

ಮರುದಿನ ಶಿವಲೀಲಾ ನವನಗರದ ತಣ್ಣನೆ ಕೋಣೆಯಲ್ಲಿ ಕೂತು ತೀರ್ಪಿನ ಭಾನುವಾರದ ನೆರಳಿನ ಪಂದ್ಯ ತಯಾರು ಮಾಡುತ್ತಿದ್ದಳು. ಆಟ ಮುಗಿಯುವ ಹೊತ್ತಿಗೆ ಯಮನೂರನ ನೆರಳು ಎಡಗಡೆಯಿಂದ ನುಗ್ಗಿತು. ಗಾಳಿಗೆ ಅದರ ಜರ್ಸಿ ಪಟಪಟ ಹಾರಿತು. ಶಿವಲೀಲಾ ಆಟ ನಿಲ್ಲಿಸಿದಳು.

ಯಮನೂರನ ಜರ್ಸಿ ಅವಳ ಮನೆಯ ಮಾಳಿಗೆ ಕೋಣೆಯ ಮೊಳೆಗೆ ಇನ್ನೂ ತೂಗುತ್ತಿದೆ. ಅಪ್ಪ ತೆಗೆಯಲು ಬಿಟ್ಟಿಲ್ಲ. ಅದರ ಎರಡೂ ಬಗಲಿಗೆ ಬೇರೆ ಬಟ್ಟೆಯ ಪಟ್ಟಿ ಕೂಡಿಸಿ ಹೊಲಿಸಿದವನೂ ಅಪ್ಪನೇ. ‘ಹುಡುಗ ಮೈತುಂಬಿಕೊಂಡಾನವಾ, ಜರ್ಸಿ ಹಿಡಿಯವಲ್ದು’ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದ್ದ. ಹುಬ್ಬಳ್ಳಿಯಲ್ಲಿದ್ದ ಯಮನೂರನ ಮೈಮೇಲೆ ಜರ್ಸಿ ಎಂದಾದರೂ ಹಾರಿತ್ತೇ? ಆಟ ಅರ್ಧ ದಾಟಿದರೆ ಅವನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಹೊಡೆದ ಗೋಲುಗಳೆಲ್ಲ ಮೊದಲರ್ಧದವು.

ಅವಳು ನೆರಳಿನ ಬುಡ ಕೆದಕಿದಳು. ಆಟಗಾರರ ಮೈಗೆ ಅಂಟಿಸುವ ಪಟ್ಟಿ ಬಂದದ್ದೇ ಈ ವರ್ಷ. ಈ ವರ್ಷ ಯಮನೂರ ಇದ್ದದ್ದು ಮಂಗಳೂರಿನಲ್ಲಿ. ಅಳಿವೆ ಕ್ಲಬ್ಬಿನ ಹಾಸ್ಟೆಲಿನಲ್ಲಿ ಅನ್ನ ತೂಗಿ ಬಡಿಸುತ್ತಾರೆ, ಬೆಳಗಾದರೆ ಸಮುದ್ರದ ಮರಳಿನಲ್ಲಿ ಓಡಿಸುತ್ತಾರೆ ಎಂದು ಲತೇಶನೇ ಹೇಳಿದ್ದ. ತಕ್ಕಡಿ ಆ ಮಂಗಳೂರಿನ ಮೈಯನ್ನು ತಂದು ಹುಬ್ಬಳ್ಳಿಯ ಜರ್ಸಿಯಲ್ಲಿ ತುರುಕಿತ್ತು. ಅಂಗಿ ಬದಲಿಸಿತ್ತು, ತಾಟು ಬದಲಿಸಿರಲಿಲ್ಲ. ಊರಿಗೆ ಊರೇ ಸೀಟಿ ಹೊಡೆಯುತ್ತಿದ್ದದ್ದು ಎಲ್ಲಿಯೂ ಇಲ್ಲದ ಒಬ್ಬ ಹುಡುಗನಿಗೆ!

ಮೇಲಧಿಕಾರಿ ಸುಧೀಂದ್ರ ಕಟ್ಟಿ ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

“ನೀ ಹೇಳೂದು ಖರೇ ಅದ, ಶಿವಲೀಲಾ. ಆದ್ರ ಲತೇಶ ಇರೂದು ನಿಮ್ಮ ಮನ್ಯಾಗ. ನೀ ಕೈಯಾಡಿಸಿದ್ರ ಜನ ಏನಂತಾರ? ಮನಿಯವನ ಸಲುವಾಗಿ ತಕ್ಕಡಿ ಒತ್ತ್ಯಾಳ ಅಂತಾರ.”

“ನಾ ಒಬ್ಬಾಕಿ ತಿದ್ದೂದಿಲ್ರಿ ಸರ್. ಮೈದಾನದಾಗ, ಎಲ್ಲಾರ ಎದುರಿಗೆ ತಿದ್ದತೀನಿ. ಯಮನೂರ ಇಲ್ಲಿ ಏನು ಉಂಡ, ಹೆಂಗಿದ್ದ ಅನ್ನೂದನ್ನ ಅವರ ಹೇಳಲಿ. ಅವರು ಹೇಳಿದ್ದನ್ನ ಹೇಳಿದ ಹಂಗ ಹಾಕ್ತೀನಿ.”

“ತಿರುಗಿಬಿದ್ರ?”

“ಬೀಳಲಿ. ಸುಳ್ಳು ಆಟಕ್ಕ ಒಬ್ಬನ್ನ ಊರು ಬಿಡಸೂದು ನನ್ನ ಕೈಲಿಂದ ಆಗೂದಿಲ್ರಿ.”

ಕಟ್ಟಿಯವರು ಕನ್ನಡಕ ಮತ್ತೆ ಏರಿಸಿಕೊಂಡು, “ನಾನೂ ಬರ್ತೀನಿ, ನಡಿ,” ಎಂದರು.

ಕಟ್ಟಿಯವರನ್ನು ಒಪ್ಪಿಸುವುದು ಸುಲಭವೇ ಇತ್ತು. ಕಷ್ಟವಿದ್ದದ್ದು ಮನೆಯಲ್ಲಿ. ಶನಿವಾರ ಸಂಜೆ ಅಪ್ಪ ಒಲೆಯ ಮುಂದೆ ಹಿಟ್ಟು ನಾದುತ್ತ ಕೂತಾಗ ಅವಳು ಮುಚ್ಚಿಡದೆ ಹೇಳಿದಳು.

“ಅಪ್ಪಾ, ಪರದೆ ಮ್ಯಾಲಿನ ಯಮನೂರ ನಿನ್ನ ಕೈಯಾಗ ಉಂಡಾಂವಲ್ಲ. ಮಂಗಳೂರಾಗ ಉಂಡಾಂವ. ನಾಳೆ ನಿನ್ನ ಅಡಗಿ ಅವಂಗ ಹಾಕ್ತೀನಿ. ಚಲೋ ಆಗೂದಿಲ್ಲ ಅನಸ್ತೈತಿ ನನಗ. ಮೊದಲ ಹೇಳಿರ್ತೀನಿ.”

ಫಕೀರಪ್ಪ ಹಿಟ್ಟಿನ ಕೈಯಲ್ಲೇ ನಕ್ಕುಬಿಟ್ಟ. “ಹುಚ್ಚಿ! ಬರೇ ಗಂಜಿ ಕುಡದ ಇಷ್ಟು ಗೋಲು ಹೊಡದಾನಂದ್ರ, ನನ್ನ ರೊಟ್ಟಿ ಬೆಣ್ಣಿ ಬಿದ್ರ ಏನಾದಾನು? ಹಾಕವಾ, ಒಂದೂ ಬಿಡಬ್ಯಾಡ. ಈ ಲತೇಶನ ಗಂಟು ಮೂಟಿ ನಾನ ಕಟ್ಟಿ ಕೊಡ್ತೀನಿ.”

ಮೆಟ್ಟಿಲ ಮೇಲೆ ಲತೇಶನ ಲೋಟ ಸದ್ದು ಮಾಡಿತು. ಕೇಳಿಸಿಕೊಂಡಿದ್ದ ಪಾಪ.

ಭಾನುವಾರ ವರ್ಕ್‌ಶಾಪ್ ಮೈದಾನ ಕಿಕ್ಕಿರಿದಿತ್ತು. ಕಟ್ಟಿಯವರು ಮೈಕು ಹಿಡಿದು ತಕ್ಕಡಿ ಎಲ್ಲಿ ಎಡವಿದೆ ಎಂದು ತಿಳಿಸಿದರು. ಸರಿಮಾಡುತ್ತಿರುವ ಹುಡುಗಿಯ ಮನೆಯಲ್ಲೇ ಲತೇಶ ಇರುವುದನ್ನೂ ಹೇಳಿದರು. ಶಿಳ್ಳೆ, ಕೂಗು ಎದ್ದವು. ಶಿವಲೀಲಾ ಮೈಕು ಇಸಿದುಕೊಂಡಳು.

“ನನ್ನ ಮ್ಯಾಲೆ ನಂಬಿಕಿ ಇರಲಿಕ್ಕಂದ್ರ ಬ್ಯಾಡ. ಯಮನೂರ ನಿಮ್ಮ ಹುಡುಗ. ಅಂವ ಇಲ್ಲಿ ಏನು ಉಂಡ ಅಂತ ನೀವ ಹೇಳ್ರಿ. ನಿಮ್ಮ ಕಣ್ಣೆದುರಿಗೇ ತಕ್ಕಡಿಗೆ ಹಾಕ್ತೀನಿ. ಯಾರು ಹೇಳವ್ರು?”

ಫಕೀರಪ್ಪ ಎದ್ದು ನಿಂತ. ರುಮಾಲು ಸರಿಮಾಡಿಕೊಂಡು ಮೈಕಿನ ಮುಂದೆ ಬಂದ.

“ಬರಕೊಳ್ಳವಾ. ಮುಂಜಾನೆದ್ದು ಉಪ್ಪಿಟ್ಟು, ಮ್ಯಾಲೆ ಮೊಸರು. ಮಧ್ಯಾಹ್ನ ಬಿಸಿ ರೊಟ್ಟಿ, ಎಣಗಾಯಿ, ರೊಟ್ಟಿ ಮ್ಯಾಲೆ ಬೆಣ್ಣಿ, ಶೇಂಗಾ ಹಿಂಡಿ. ರಾತ್ರಿ ಮತ್ತ ರೊಟ್ಟಿ. ಸಾಕು ಅಂತ ತಾಟಿಗೆ ಕೈ ಅಡ್ಡ ಹಿಡಿತಿದ್ದ ನನ್ನ ಮಗ, ಕೈ ಮ್ಯಾಲೇ ನೀಡತಿದ್ದೆ! ಅಮಾಸಿಗೆ ಹೋಳಿಗಿ ತುಪ್ಪ. ಗೋಲು ಹೊಡದ ದಿನ ಅದರ ಮ್ಯಾಲೊಂದು ಬಟ್ಟಲ ಶಾವಿಗಿ ಪಾಯಸ.”

ಅಷ್ಟರಲ್ಲಿ ದಾವಲಸಾಬನಿಗೆ ತಡೆದುಕೊಳ್ಳಲು ಆಗಲಿಲ್ಲ. “ಪ್ರಾಕ್ಟೀಸ್ ಮುಗಿಸಿ ದಿನಾ ನನ್ನ ಅಂಗಡ್ಯಾಗ ಮಿರ್ಚಿ ಗಿರ್ಮಿಟ್ ತಿಂತಿದ್ದ, ಹಾಕು ಅದನ್ನೂ! ರಂಜಾನದಾಗ ನಮ್ಮನಿ ಶೀರ್‌ಖುರ್ಮಾ!”

“ಕ್ರಿಸ್‌ಮಸ್ ಕೇಕು ಬರಕೋ,” ಎಂದು ಸ್ಯಾಮ್ಸನ್ ಮಾಸ್ತರರು ಎದ್ದೇ ಬಿಟ್ಟರು. ಎದುರು ಪಾರ್ಟಿಯವರಾದರೇನು, ಉಣಿಸುವುದರಲ್ಲಿ ಹಿಂದೆ ಬೀಳಲುಂಟೇ?

ಮುಗಿಯಿತು. ಮೈದಾನದ ಮೂಲೆಮೂಲೆಯಿಂದ “ನಮ್ಮನ್ಯಾಗೂ ಉಂಡಾನ್ರೀ!”, “ನಮ್ಮವ್ವನ ಕಡಬು!”, “ನಮ್ಮ ಲಗ್ನದಾಗ ಎರಡು ಪಂಕ್ತಿ ಕುಂತಿದ್ದ!” ಎಂದು ಕೂಗು. ಒಬ್ಬರೂ ಕಮ್ಮಿ ಹೇಳಲಿಲ್ಲ. ಕಮ್ಮಿ ಹೇಳಿದರೆ ಪ್ರೀತಿ ಕಮ್ಮಿ ಎಂದಾಗುತ್ತದಲ್ಲ! ಶಿವಲೀಲಾ ಹೇಳಿದ್ದನ್ನೆಲ್ಲ ಹಾಕಿದಳು. ಆಮೇಲೆ ಗುಂಡಿ ಒತ್ತಿದಳು.

ಪರದೆಯ ಮೇಲೆ ಯಮನೂರ ಬಂದ. ಈ ಸಲ ಜರ್ಸಿ ಬಗಲಿಗೆ ಬಿಗಿದು ಕೂತಿತ್ತು. ಜನ ಕೇಕೆ ಹಾಕಿದರು: ಇವನು ಅವರಿಗೆ ಗೊತ್ತಿದ್ದ ಹುಡುಗ, ಗಲ್ಲ ತುಂಬಿದ, ನಗುವ ಹುಡುಗ. ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ಫಕೀರಪ್ಪ ಮಗಳ ಕಡೆ ತಿರುಗಿ ಮೀಸೆ ತಿರುವಿದ.

ತಕ್ಕಡಿ ಪಂದ್ಯಗಳನ್ನು ಸರಸರ ಓಡಿಸಿತು. ಮಳೆಗಾಲ ಕಳೆಯಿತು, ದಸರಾ ಬಂತು. ಯಮನೂರ ಸೊಂಟಕ್ಕೆ ಕೈ ಕೊಡುವುದು ಬೇಗ ಬೇಗ ಆಗತೊಡಗಿತು. ಓಡುವಾಗ ಬಲಗಾಲು ತಡೆಯುತ್ತಿತ್ತು. ದೀಪಾವಳಿ ಮುಗಿದ ವಾರದ ಪಂದ್ಯದಲ್ಲಿ ಚೆಂಡಿಗಾಗಿ ತಿರುಗಿದವನು, ಯಾರೂ ಮುಟ್ಟದೆ, ಕೂತಂತೆ ಕುಸಿದ. ಮೊಣಕಾಲು ಹಿಡಿದುಕೊಂಡ. ಏಳಲಿಲ್ಲ.

“ಏಳಪಾ,” ಎಂದ ಫಕೀರಪ್ಪ. ಮೆಲ್ಲಗೆ, ಪಕ್ಕದಲ್ಲಿದ್ದವನಿಗೆ ಹೇಳುವಂತೆ. “ಯಮನೂರಾ, ಏಳೋ ಮಗನ.”

ಸಾವಿರ ಸಲ ಆಡಿಸಿದರೂ ಹೆಚ್ಚಿನ ಸಲ ಹೀಗೇ ಆಯಿತು. ಪರದೆಯ ಮೇಲೆ ನೆರಳಿನ ಸ್ಟ್ರೆಚರ್ ಬಂತು. ಕೊನೆಗೆ ತೀರ್ಪು ಮೂಡಿತು: ಈ ಅದಲಿ-ಬದಲಿಯಲ್ಲಿ ಎಂಜಿನ್ ಕ್ಲಬ್ಬಿಗೆ ನಷ್ಟವಿಲ್ಲ. ಲತೇಶನನ್ನು ಕಳಿಸುವ ಮಾತು ಅಲ್ಲಿಗೆ ಸತ್ತಿತು. ಗೆದ್ದೆ ಎಂದು ಕುಣಿಯುವ ಮನಸ್ಸು ಶಿವಲೀಲಾಗೆ ಇರಲಿಲ್ಲ. ಅಪ್ಪ ರುಮಾಲು ಕೈಯಲ್ಲಿ ಹಿಡಿದುಕೊಂಡು ಗೇಟಿನ ಕಡೆ ಹೋಗುವುದನ್ನು ನೋಡುತ್ತ ನಿಂತಳು. ಅಪ್ಪ ಒಮ್ಮೆಲೇ ಮುದುಕನಾದಂತೆ ಕಂಡ.

ಅವಳು ಮನೆ ಮುಟ್ಟಿದಾಗ ಫಕೀರಪ್ಪ ಮಾಳಿಗೆ ಮೆಟ್ಟಿಲ ಮೇಲೆ, ಲತೇಶ ದಿನಾ ಕೂರುವ ಜಾಗದಲ್ಲಿ ಕೂತು ಫೋನು ಹಚ್ಚಿದ್ದ.

“ಖರೇ ಹೇಳು ಯಮನೂರಾ. ನಿನ್ನ ಮೊಣಕಾಲು ಇಲ್ಲಿದ್ದಾಗ ನೋಯ್ತಿತ್ತೇನು?”

ಆ ಕಡೆ ಸಮುದ್ರದ ಸದ್ದು ಕೇಳುತ್ತಿತ್ತು.

“ನೋಯ್ತಿತ್ತು ಕಾಕಾ.”

“ಹೇಳಾಕ ಏನಾಗಿತ್ತೋ?”

“ಕೈ ಸುಟಗೊಂಡು ರೊಟ್ಟಿ ಬಡಿತಿದ್ರಿ. ಕಾಕೂ ಹೋದಮ್ಯಾಲೆ ನೀವು ನಕ್ಕಿದ್ದ ನನಗ ನೀಡುವಾಗ, ಅಂತ ಶಿವಕ್ಕ ಹೇಳಿದ್ಲು. ಬ್ಯಾಡ ಅಂತ ಹೆಂಗನ್ಲಿ ಕಾಕಾ? ಅನ್ನಾಕ ಆಗಲಿಲ್ಲ. ಅದಕ್ಕ... ಕ್ಲಬ್ಬಿನವರಿಗೆ ಕೇಳಿದಾಂವ ನಾನ. ನನ್ನ ಎಲ್ಲ್ಯರೆ ಕಳಸ್ರಿ ಅಂತ. ಯಾರಿಗೂ ಹೇಳಬ್ಯಾಡ್ರಿ ಅಂತ ಕೈಮುಗದಿದ್ದೆ.”

ಫಕೀರಪ್ಪ ಕಣ್ಣು ಮುಚ್ಚಿದ. ಎರಡೂ ಗಲ್ಲದ ಮೇಲೆ ನೀರು ಇಳಿದು ಮೀಸೆಯಲ್ಲಿ ಸೇರಿತು. ಒರೆಸಿಕೊಳ್ಳಲಿಲ್ಲ.

“ಈಗ ಹೆಂಗೈತಿ ಕಾಲು?”

“ಚಲೋ ಐತಿ ಕಾಕಾ. ಓಡಾಕತ್ತೇನಿ.”

“ಓಡಪಾ,” ಎಂದ ಫಕೀರಪ್ಪ. “ಭರ್ಜರಿ ಓಡು.” ಫೋನು ಇಟ್ಟು, ಮೇಲೆ ಹೋಗಿ, ಮೊಳೆಗೆ ತೂಗುತ್ತಿದ್ದ ಜರ್ಸಿ ತೆಗೆದು ಮಡಚಿ ಟ್ರಂಕಿನಲ್ಲಿಟ್ಟ.

ಇಷ್ಟಾದರೂ ದಾವಲಸಾಬನ ಅಂಗಡಿಯಲ್ಲಿ ವಾದ ನಿಂತಿತೆಂದು ತಿಳಿದಿರೇನು? ಮರುದಿನವೇ ಮತ್ತೆ ಶುರು. ಯಮನೂರನ ಕಾಲು ಉಳಿದದ್ದು ಮಂಗಳೂರಿನಿಂದ, ಹಾಗಾದರೆ ಗೆದ್ದವರು ಅವರೇ ಎಂದು ದಾವಲಸಾಬ. ಮುರಿಯುವ ಕಾಲು ಕೊಟ್ಟು ಓಡುವ ಕಾಲು ತಂದವರು ಗೆದ್ದವರೋ ಸೋತವರೋ ಎಂದು ಸ್ಯಾಮ್ಸನ್ ಮಾಸ್ತರರು. ಬೆಂಚಿನ ತುದಿ ಮಾತ್ರ ಖಾಲಿ ಇತ್ತು.

ಫಕೀರಪ್ಪ ಮನೆಯಲ್ಲಿದ್ದ. ಗುರುವಾರ ಸಂಜೆ ಅವನು ಮೆಟ್ಟಿಲ ಮೇಲೆ ತಾಟು ಮುಚ್ಚಿಡಲಿಲ್ಲ. ಓಡಿ ಬಂದು ಕೈಕಾಲು ತೊಳೆದ ಲತೇಶ ಖಾಲಿ ಮೆಟ್ಟಿಲು ನೋಡಿ, ಊಟವೂ ನಿಂತಿತೇನೋ ಎಂಬಂತೆ ನಿಂತುಬಿಟ್ಟ.

“ಅಲ್ಲ್ಯಾಕ ನಿಂತಿ?” ಒಳಗಿನಿಂದ ಫಕೀರಪ್ಪನ ದನಿ ಬಂತು. “ಒಳಗ ಬಾ. ಕುಂದ್ರು.”

ವರ್ಷದಲ್ಲಿ ಅವನಿಗೆ ಆಡಿದ ಮೊದಲ ಮಾತು ಅದು. ಲತೇಶ ಶಿವಲೀಲಾಳ ಮುಖ ನೋಡಿದ. ಅವಳು ಕಣ್ಣಲ್ಲೇ ಕೂರು ಎಂದಳು. ಅವನು ಒಲೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಫಕೀರಪ್ಪ ಹೆಂಚಿನಿಂದ ಇಳಿಸಿದ ರೊಟ್ಟಿಯನ್ನು ನೇರ ಅವನ ತಾಟಿಗೆ ಹಾಕಿದ. ಪಲ್ಯ ಬಡಿಸಿದ. ಇನ್ನೊಂದು ರೊಟ್ಟಿ ಹಾಕಿದ.

ಲತೇಶ ಎರಡೂ ಮುಗಿಸಿದ. ತಾಟು ಖಾಲಿಯಾಯಿತು. ಅವನು ಅದಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಈ ಊರಿನವರೆಲ್ಲ ಒಬ್ಬರಿಗೊಬ್ಬರು ಒತ್ತಾಯ ಮಾಡಿ ನೀಡುವುದನ್ನು ಅವನು ವರ್ಷವಿಡೀ ಮೆಟ್ಟಿಲ ಮೇಲಿನಿಂದ ಕೇಳಿಸಿಕೊಂಡಿದ್ದ. ಇವತ್ತು ತನ್ನ ಸರದಿ ಎಂಬ ಆಸೆ ಅವನ ಮುಖದ ಮೇಲೇ ಇತ್ತು.

ಫಕೀರಪ್ಪನ ಕೈ ಬುಟ್ಟಿಗೆ ಹೋಯಿತು. ಬಿಸಿ ರೊಟ್ಟಿ ಎತ್ತಿಕೊಂಡಿತು. ಅರ್ಧ ದಾರಿಯಲ್ಲಿ ನಿಂತಿತು. ಫಕೀರಪ್ಪ ಹಲ್ಲು ಕಚ್ಚಿ, ಆ ರೊಟ್ಟಿಯನ್ನು ತಿರುಗಿ ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿದ.

“ಸಾಕು,” ಎಂದ. “ಶನಿವಾರ ಮ್ಯಾಚ್ ಐತಿ, ಮಗನ. ನಾನೂ ನೋಡಾಕ ಬರ್ತೀನಿ.”

ಲತೇಶ ಖಾಲಿ ತಾಟಿನ ಮೇಲೆ ತಲೆ ಬಗ್ಗಿಸಿದ. “ಆಯ್ತು ಕಾಕಾ,” ಎಂದ.